ತಡೆದ ಕೋಪ

ಅರಿಷಡ್ವರ್ಗದಲ್ಲಿ ಕ್ರೋಧಕ್ಕೆ ಒಂದು ವಿಶೇಷವುಂಟು. ಉಳಿದ ಐದೂ ಬಹುಕಾಲ ಒಳಗೆ ಅಡಗಿರಬಲ್ಲವು. ಕ್ರೋಧವಾದರೋ ಹುಟ್ಟಿದ ಕ್ಷಣವೇ ಕಣ್ಣಿಗೆ, ತುಟಿಗೆ, ಕೈಗೆ ಬಂದು ನಿಲ್ಲುತ್ತದೆ. ಮಗನ ಮೇಲೆ ಕೈಯೆತ್ತಿದ ತಂದೆಯೊಬ್ಬನು ಅರ್ಧದಲ್ಲಿಯೇ ಎಚ್ಚೆತ್ತು ಆ ಕೈಯನ್ನು ಇಳಿಸಿದನೆಂದು ಭಾವಿಸೋಣ. ಆತನು ಕೋಪವನ್ನು ಗೆದ್ದವನೋ? ಅಥವಾ ಹೊರಗೆ ಬರಲು ಕೋಪವು ಬೇರೊಂದು ಬಾಗಿಲನ್ನು ಹುಡುಕುತ್ತಿದೆಯೋ? ನಮ್ಮ ಹಿರಿಯರು ಈ ಪ್ರಶ್ನೆಯನ್ನು ಯೋಗದ ಮಾತಿನಲ್ಲಿ, ಆಚಾರದ ಮಾತಿನಲ್ಲಿ ವಿಚಾರಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಐರೋಪ್ಯ ವೈದ್ಯನೊಬ್ಬನು ಇದನ್ನು ಒಂದು ಶಿಲಾಮೂರ್ತಿಯ ಮುಂದೆ ನಿಂತು ವಿಚಾರಿಸಿದನು.

ಅವನೇ ಮನೋವಿಶ್ಲೇಷಣ ಶಾಸ್ತ್ರದ ಪ್ರವರ್ತಕನಾದ ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡ್ (1856–1939). ಮನುಷ್ಯನು ತಾನರಿತಷ್ಟೇ ತಾನಲ್ಲ; ಅವನ ಅರಿವಿಗೆ ಎಟುಕದ ಬಯಕೆ, ಭಯ, ದ್ವೇಷಗಳು ಚಿತ್ತದ ತಳದಲ್ಲಿದ್ದುಕೊಂಡು ಕನಸಾಗಿ, ಬಾಯಿತಪ್ಪಿ ಬಂದ ಮಾತಾಗಿ, ರೋಗವಾಗಿ ತಲೆದೋರುತ್ತವೆ ಎಂಬುದು ಅವನ ಸಿದ್ಧಾಂತದ ತಿರುಳು. ರೋಗಿಗಳ ಚಿಕಿತ್ಸೆಯಲ್ಲಿ ಹುಟ್ಟಿದ ಈ ಶಾಸ್ತ್ರವು ಅಲ್ಲಿಯೇ ನಿಲ್ಲಲಿಲ್ಲ. ಕಾವ್ಯ, ಶಿಲ್ಪ, ಪುರಾಣ, ಮತಾಚಾರಗಳನ್ನು ಇದೇ ದೃಷ್ಟಿಯಿಂದ ಪರೀಕ್ಷಿಸುವುದಕ್ಕೆಂದು 1912ರಲ್ಲಿ ‘ಇಮಾಗೊ’ ಎಂಬ ಪತ್ರಿಕೆಯೇ ಹೊರಟಿತು.

ಇಂಥ ಪರೀಕ್ಷೆಯಲ್ಲಿ ಎಡವುವುದು ಸುಲಭ. 1910ರಲ್ಲಿ ಫ್ರಾಯ್ಡನು ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ತಾನು ತೊಟ್ಟಿಲಲ್ಲಿದ್ದಾಗ ಪಕ್ಷಿಯೊಂದು ಬಂದು ಬಾಲದಿಂದ ತನ್ನ ಬಾಯನ್ನು ತೆರೆಯಿತೆಂದು ಚಿತ್ರಕಾರನು ಬರೆದಿಟ್ಟ ಒಂದು ನೆನಪು ಆ ಗ್ರಂಥದ ಆಧಾರಸ್ತಂಭ. ಮೂಲದಲ್ಲಿದ್ದುದು ಹದ್ದು, ಫ್ರಾಯ್ಡನು ನಂಬಿದ ಜರ್ಮನ್ ಭಾಷಾಂತರದಲ್ಲಿ ಅದು ರಣಹದ್ದಾಗಿತ್ತು. ಈಜಿಪ್ತಿನವರ ಮಾತೃದೇವತೆಗೆ ರಣಹದ್ದಿನ ರೂಪವೆಂಬುದನ್ನು ಹಿಡಿದು, ಆ ಚಿತ್ರಕಾರನಿಗೂ ಅವನ ತಾಯಿಗೂ ಇದ್ದ ಸಂಬಂಧದ ಮೇಲೆ ದೊಡ್ಡದೊಂದು ಸೌಧವನ್ನೇ ಅವನು ಎಬ್ಬಿಸಿದ್ದನು. 1923ರಲ್ಲಿ ಈ ತಪ್ಪು ಬೆಳಕಿಗೆ ಬಂದಿತು. ಗತಿಸಿದವನ ಎದೆಯನ್ನು ಬಗೆದು ನೋಡಹೊರಟವನು ಮೊದಲು ಅವನ ಮಾತನ್ನು ನೆಟ್ಟಗೆ ಓದಬೇಕಾಗಿತ್ತು.

ಆದರೆ ಅವನೇ ಬರೆದ ಮತ್ತೊಂದು ಲೇಖನ ಬೇರೆ ಬಗೆಯದು. ಅದರಲ್ಲಿ ಅವನು ಶಿಲ್ಪಿಯ ಬಾಲ್ಯವನ್ನು ಕೆದಕದೆ ಶಿಲ್ಪವನ್ನೇ ನೋಡಿದನು. ರೋಮ್ ನಗರದ ಸಾನ್ ಪಿಯೆತ್ರೊ ಇನ್ ವಿಂಕೊಲಿ ಎಂಬ ದೇವಾಲಯದಲ್ಲಿ, ಎರಡನೆಯ ಜೂಲಿಯಸ್ ಎಂಬ ಪೋಪನ ಸಮಾಧಿಗಾಗಿ ಮೈಕೆಲಾಂಜೆಲೊ ಕಡೆದ ಮೋಶೆಯ ಅಮೃತಶಿಲೆಯ ಮೂರ್ತಿಯಿದೆ. ಕುಳಿತ ಭಂಗಿಯಲ್ಲಿಯೇ ಅದರ ಎತ್ತರ ಸುಮಾರು 235 ಸೆಂಟಿಮೀಟರ್. ತಲೆಯ ಮೇಲೆ ಎರಡು ಕೊಂಬುಗಳು. ಬೆಳಗುವ ಮುಖವೆಂಬ ಹೀಬ್ರೂ ಮಾತು ಲ್ಯಾಟಿನ್ನಿಗೆ ಬರುವಾಗ ಕೊಂಬುಳ್ಳ ಮುಖವಾದುದರ ಫಲ. ಭಾಷಾಂತರಕಾರರು ಇಲ್ಲಿಯೂ ತಮ್ಮ ಕೈವಾಡವನ್ನು ಬಿಟ್ಟಿಲ್ಲ!

ಕಥೆ ಯೆಹೂದ್ಯರದು. ಅವರ ನಾಯಕನಾದ ಮೋಶೆಯು ಬೆಟ್ಟದ ಮೇಲೆ ದೇವರಿಂದ ಧರ್ಮಾಜ್ಞೆಗಳ ಎರಡು ಶಿಲಾಫಲಕಗಳನ್ನು ಪಡೆದು ಇಳಿದು ಬರುತ್ತಾನೆ. ಅಷ್ಟರಲ್ಲಿ ಜನರು ಹೊನ್ನಿನ ಕರುವೊಂದನ್ನು ಎರಕ ಹೊಯ್ದು ಅದರ ಸುತ್ತ ಕುಣಿಯುತ್ತಿದ್ದಾರೆ. ಕೋಪದಿಂದ ಮೋಶೆಯು ಫಲಕಗಳನ್ನು ನೆಲಕ್ಕಪ್ಪಳಿಸಿ ಒಡೆಯುತ್ತಾನೆ. ಮೂರ್ತಿಯು ಆ ಸ್ಫೋಟದ ಹಿಂದಿನ ಕ್ಷಣವನ್ನು ತೋರಿಸುತ್ತದೆಂದು ಅನೇಕ ಪಂಡಿತರು ಹೇಳಿದ್ದರು: ಇನ್ನೇನು ಎದ್ದಾನು, ಇನ್ನೇನು ಎಸೆದಾನು.

1912ರ ಸೆಪ್ಟೆಂಬರಿನಲ್ಲಿ ಫ್ರಾಯ್ಡನು ದಿನಂಪ್ರತಿ ಆ ಮೂರ್ತಿಯ ಬಳಿಗೆ ಹೋದನು. ಮರುವರ್ಷವೂ ರೋಮಿಗೆ ಹೋದನು. ಎಲ್ಲರೂ ಕಣ್ಣನ್ನೂ ಹುಬ್ಬನ್ನೂ ನೋಡಿದರೆ ಇವನು ನೋಡಿದ್ದು ಬೆರಳನ್ನು ಮತ್ತು ಫಲಕದ ಅಂಚನ್ನು. ಚಿತ್ರದ ಕರ್ತೃವನ್ನು ಉಗುರು, ಕಿವಿಯ ಹಾಲೆಗಳಂಥ ಅಲಕ್ಷಿತ ವಿವರಗಳಿಂದ ಗುರುತಿಸುವ ಇಟಲಿಯ ಮೊರೆಲ್ಲಿ ಎಂಬವನ ಪದ್ಧತಿ ತನ್ನ ಪದ್ಧತಿಗೆ ಹತ್ತಿರದ್ದೆಂದು ಅವನೇ ಹೇಳಿಕೊಂಡಿದ್ದಾನೆ. ಮೋಶೆಯ ಗಡ್ಡದ ಎಡಭಾಗದ ಕೂದಲನ್ನು ಬಲಗೈಯ ತೋರುಬೆರಳು ಬಲಕ್ಕೆ ಸೆಳೆದು ಒತ್ತಿದೆ. ಬಲತೋಳಿನ ಕೆಳಗಿನ ಫಲಕಗಳು ತಲೆಕೆಳಗಾಗಿ ಒಂದು ಮೂಲೆಯ ಮೇಲೆ ನಿಂತಿವೆ. ಧರ್ಮಾಜ್ಞೆಯನ್ನು ಯಾವನಾದರೂ ತಲೆಕೆಳಗಾಗಿ ಹಿಡಿಯುವನೇ?

ಫ್ರಾಯ್ಡನ ವ್ಯಾಖ್ಯಾನ ಹೀಗೆ: ಮೋಶೆಯು ಮೊದಲು ನೆಟ್ಟಗೆ ಕುಳಿತಿದ್ದನು. ಗದ್ದಲ ಕೇಳಿ ತಲೆ ಎಡಕ್ಕೆ ತಿರುಗಿತು. ಕೋಪಗೊಂಡ ಕೈ ಫಲಕಗಳನ್ನು ಬಿಟ್ಟು ತನ್ನದೇ ಗಡ್ಡವನ್ನು ಹಿಡಿಯಿತು. ಆಧಾರ ತಪ್ಪಿದ ಫಲಕಗಳು ಜಾರತೊಡಗಿದವು. ಅವು ಜಾರುವುದನ್ನು ಅರಿತೊಡನೆ ಕೈ ಹಿಂದಕ್ಕೆ ಬಂದು ಅವನ್ನು ಒತ್ತಿ ಹಿಡಿಯಿತು. ಹಿಂದಕ್ಕೆ ಬರುವಾಗ ಬೆರಳಿಗೆ ಸಿಕ್ಕಿದ ಕೂದಲು ಅಲ್ಲಿಯೇ ಉಳಿಯಿತು. ಆದಕಾರಣ ಇದು ಏಳಲಿರುವ ಮೋಶೆಯಲ್ಲ, ಏಳದೆ ಉಳಿದವನು. ತಾನು ಹೊತ್ತ ಕಾರ್ಯವು ಒಡೆಯಬಾರದೆಂದು ತನ್ನ ಕೋಪವನ್ನು ತಡೆದವನು. ಗ್ರಂಥದ ಮೋಶೆ ಫಲಕಗಳನ್ನು ಒಡೆದನು, ಶಿಲೆಯ ಮೋಶೆ ಉಳಿಸಿದನು. ಮನುಷ್ಯನಿಗೆ ಸಾಧ್ಯವಾದ ಪರಮಸಾಧನೆ ಇದೇ ಎಂದು ಫ್ರಾಯ್ಡನ ಭಾವನೆ.

ಈ ವ್ಯಾಖ್ಯಾನ ಸತ್ಯವೇ? ಕಲ್ಲಿನಲ್ಲಿರುವುದು ಒಂದೇ ನಿಲುವು. ಹಿಂದಿನ ನಿಲುವುಗಳನ್ನು ಫ್ರಾಯ್ಡನು ಚಿತ್ರಕಾರನೊಬ್ಬನಿಂದ ಬರೆಯಿಸಿ ಜೋಡಿಸಿದನು. ಅವು ಶಿಲ್ಪಿಯ ಮನಸ್ಸಿನಲ್ಲಿದ್ದವೋ ನೋಟಕನ ಮನಸ್ಸಿನಲ್ಲಿದ್ದವೋ ನಿರ್ಧರಿಸುವುದು ಕಷ್ಟ. ನೋಟಕನ ಮನಸ್ಸಿಗೂ ಆಗ ಕಾರಣವಿಲ್ಲದಿರಲಿಲ್ಲ. ಆಡ್ಲರನು 1911ರಲ್ಲಿಯೇ ಅವನನ್ನು ಬಿಟ್ಟು ಹೋಗಿದ್ದನು. ಉತ್ತರಾಧಿಕಾರಿಯಾಗಬೇಕಿದ್ದ ಯೂಂಗನೊಡನೆ ಸ್ನೇಹ ಮುರಿಯುತ್ತಿತ್ತು. 1913ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ಕಿನ ಸಮ್ಮೇಳನದಲ್ಲಿ ಅವನನ್ನು ಕಂಡ ಬಳಿಕವೇ ಫ್ರಾಯ್ಡನು ರೋಮಿಗೆ ಹೋದುದು. ತನ್ನ ಜನರು ಬೇರೊಂದು ಕರುವಿನ ಸುತ್ತ ಕುಣಿಯುತ್ತಿದ್ದಾರೆಂದು ಆಗ ಅವನಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಅದೇ ಲೇಖನದ ಆದಿಯಲ್ಲಿ ಅವನು ಮತ್ತೊಂದು ಮಾತನ್ನು ಒಪ್ಪಿಕೊಂಡಿದ್ದಾನೆ. ಹಿಂದೆ ಆ ಮೂರ್ತಿಯ ದೃಷ್ಟಿಯನ್ನು ತಾಳಲಾರದೆ ಎಷ್ಟೋ ಸಲ ಮೆಲ್ಲನೆ ಹೊರಬಿದ್ದಿದ್ದನಂತೆ. ಸ್ಥಿರವಾದ ನಂಬಿಕೆಯಿಲ್ಲದ ಆ ಗುಂಪಿನಲ್ಲಿ ತಾನೂ ಒಬ್ಬನೆಂದು ಅನಿಸುತ್ತಿತ್ತಂತೆ. ಮೋಶೆಯ ಪೀಠದಲ್ಲಿ ತನ್ನನ್ನು ಕುಳ್ಳಿರಿಸಿಕೊಂಡ ಫ್ರಾಯ್ಡನಿಗಿಂತ, ಕಳ್ಳನಂತೆ ಹೊರಗೆ ನುಸುಳಿದ ಈ ಫ್ರಾಯ್ಡನೇ ಹೆಚ್ಚು ಗೌರವಾರ್ಹನು.

ಏಕೆಂದರೆ ಮುಂದೆ ನಡೆದುದನ್ನು ನೋಡಿರಿ. 1914ರಲ್ಲಿ, ಕೋಪನಿಗ್ರಹದ ಈ ಲೇಖನ ಹೊರಬಂದ ವರ್ಷದಲ್ಲಿಯೇ, ಅವನು ತನ್ನ ಶಾಸ್ತ್ರದ ಚರಿತ್ರೆಯನ್ನೂ ಬರೆದು ಪ್ರಕಟಿಸಿದನು. ಅದರಲ್ಲಿ ಆಡ್ಲರನನ್ನೂ ಯೂಂಗನನ್ನೂ ಕಟುವಾಗಿ ಖಂಡಿಸಿ ತನ್ನ ಪಂಥದಿಂದ ಹೊರಗಿರಿಸಿದನು. ಮಿತ್ರರಿಗೆ ಬರೆದ ಪತ್ರಗಳಲ್ಲಿ ಅದನ್ನು ಬಾಂಬೆಂದು ಕರೆದವನು ಅವನೇ. ಗಡ್ಡವನ್ನು ಬಿಟ್ಟ ಕೈ ಲೇಖನಿಯನ್ನು ಹಿಡಿದಿತ್ತು. ಆ ಖಂಡನೆಯಲ್ಲಿ ಶಾಸ್ತ್ರದ ವಿಷಯವಾಗಿ ಸತ್ಯಾಂಶಗಳು ಇರಬಹುದು. ಅದನ್ನು ಕಪಟವೆನ್ನುವುದೂ ಸಲ್ಲದು. ಒಂದೆಡೆ ತಡೆದ ಭಾವವು ಇನ್ನೊಂದೆಡೆ ದಾರಿ ಮಾಡಿಕೊಳ್ಳುತ್ತದೆಂದು ಲೋಕಕ್ಕೆ ಬೋಧಿಸಿದವನೇ ಅವನಲ್ಲವೇ? ಮಗನ ಮೇಲೆ ಎತ್ತಿದ ಕೈಯನ್ನು ಇಳಿಸಿದ ತಂದೆಯು ಅದೇ ಸಂಜೆ ಊಟದ ಎಲೆಯ ಮುಂದೆ, ಮಾತಿನಲ್ಲಿ ಉಪ್ಪು ಹೆಚ್ಚಾಯಿತೆಂದು ಹೆಂಡತಿಯನ್ನು ಗದರಿಸಿದರೆ, ಆ ಉಪ್ಪು ಯಾವುದೆಂಬುದನ್ನು ಮನೆಯವರೆಲ್ಲರೂ ಬಲ್ಲರು.

ಒಂದು ವಿವರ ಮಾತ್ರ ಗಮನಾರ್ಹ. ಖಂಡನೆಯ ಗ್ರಂಥ ಅವನ ಹೆಸರಿನಿಂದ ಹೊರಟಿತು. ಮೋಶೆಯ ಲೇಖನ ‘ಇಮಾಗೊ’ದಲ್ಲಿ ಹೆಸರಿಲ್ಲದೆ ಅಚ್ಚಾಯಿತು. ಹತ್ತು ವರ್ಷಗಳಾದ ಮೇಲೆ, 1924ರಲ್ಲಿ, ಅದಕ್ಕೆ ಕರ್ತೃವಿನ ಹೆಸರು ಬಂದಿತು. 1933ರಲ್ಲಿ ಇಟಲಿಯ ಶಿಷ್ಯನೊಬ್ಬನಿಗೆ ಬರೆದ ಪತ್ರದಲ್ಲಿ ಫ್ರಾಯ್ಡನು ಆ ಲೇಖನವನ್ನು ಮದುವೆಗೆ ಹೊರಗೆ ಪ್ರೀತಿಯಿಂದ ಹುಟ್ಟಿದ ಕೂಸಿಗೆ ಹೋಲಿಸಿ, ಬಹುಕಾಲದ ಬಳಿಕವೇ ಅದನ್ನು ತನ್ನದೆಂದು ಒಪ್ಪಿಕೊಂಡೆನೆಂದು ತಿಳಿಸಿದನು.