ವಿಳಂಬವೂ ಹಿಂಸೆಯೇ?

ಕೊಲ್ಲುವ ಸಂಕಲ್ಪವಿದ್ದಲ್ಲಿ ಮಾತ್ರ ಹಿಂಸೆಯೆಂಬುದು ಲೋಕರೂಢಿ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣಕ್ಕೆ ಆಧಾರವಾಗಿ ಹೇಳಿರುವುದು ಪ್ರಮಾದವನ್ನು. ಎಚ್ಚರದಿಂದಿರಬೇಕಾದವನು ಎಚ್ಚರ ತಪ್ಪಿ ಜೀವಕ್ಕೆ ಹಾನಿಯಾದರೆ ಅದು ಹಿಂಸೆಯೇ. ವ್ಯಕ್ತಿಗೆ ಸಲ್ಲುವ ಈ ಮಾತು ಪ್ರಭುತ್ವಕ್ಕೂ ಸಲ್ಲುವುದೇ?

ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಗಣಿಗಳು ಈ ಪ್ರಶ್ನೆಯನ್ನು ಮುಂದಿಡುತ್ತವೆ. ಭೀಮಸಮುದ್ರದ ಆಸುಪಾಸಿನಲ್ಲಿ ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಮನೆಗಳ ಮೇಲೂ ಅಡಿಕೆ ತೋಟಗಳ ಮೇಲೂ ಕುಳಿತಿತು. ಪೃಥ್ವೀಕಾಯ ಜೀವಗಳಿಂದ ಮನುಷ್ಯನವರೆಗೆ ನೋಯದ ಜೀವವಿಲ್ಲ. 1980ರ ಅರಣ್ಯ ಕಾಯಿದೆ, 1986ರ ಪರಿಸರ ಕಾಯಿದೆ ಆಗಲೇ ಜಾರಿಯಲ್ಲಿದ್ದವು. ಆದರೂ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ 2008 ಮತ್ತು 2011ರ ವರದಿಗಳು, ಸಮಾಜ ಪರಿವರ್ತನ ಸಮುದಾಯದ ಅರ್ಜಿ ಬೇಕಾದವು. 2011ರ ಜುಲೈಯಲ್ಲಿ ಬಳ್ಳಾರಿಯ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತು.

ಆ ತಡೆ ಅನಿವಾರ್ಯವಾಗಿತ್ತು; ಆದರೆ ನಿರ್ದೋಷವಾಗಿರಲಿಲ್ಲ. ಕೂಲಿಕಾರರು, ಲಾರಿ ಚಾಲಕರು ಒಮ್ಮೆಲೇ ದುಡಿಮೆ ಕಳೆದುಕೊಂಡರು. ಸಕಾಲದ ಅಲ್ಪ ನಿಗ್ರಹದಿಂದ ಮುಗಿಯಬಹುದಾಗಿದ್ದುದಕ್ಕೆ ತಪ್ಪು ಮಾಡದವರೂ ದಂಡ ತೆತ್ತರು. ಪ್ರಮಾದವು ಮೊದಲು ನೆಲವನ್ನೂ ಅನಂತರ ಬಡವನನ್ನೂ ನೋಯಿಸಿತು.

2013ರ ಏಪ್ರಿಲ್ ತೀರ್ಪು ಗಣಿಗಳನ್ನು ದೋಷದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ದೋಷಕ್ಕೆ ತಕ್ಕ ದಂಡವೆಂಬುದು ವಿವೇಕದ ಮಾರ್ಗ. ಅದಿರಿನ ಮಾರಾಟದಿಂದ ಬಂದ ಹಣದ ಒಂದಂಶವನ್ನು ಪರಿಸರ ಪುನಶ್ಚೇತನಕ್ಕೆಂದು ತೆಗೆದಿರಿಸಲಾಯಿತು. 2014ರಲ್ಲಿ ಅದಕ್ಕಾಗಿ ನಿಗಮವೊಂದು ಸ್ಥಾಪನೆಯಾಯಿತು. ಆದರೆ ಸಮಗ್ರ ಯೋಜನೆಗೆ ನ್ಯಾಯಾಲಯದ ಒಪ್ಪಿಗೆ ದೊರೆತದ್ದು 2022ರಲ್ಲಿ. ಅದೇ ವರ್ಷ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಒಟ್ಟು ವಾರ್ಷಿಕ ಉತ್ಪಾದನಾ ಮಿತಿಯು 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೆ ಏರಿತು.

ವಿಚಾರಣೆಗೆ ಕಾಲಾವಕಾಶ ಬೇಕು. ಎಲ್ಲ ಪಕ್ಷಗಳನ್ನೂ ಆಲಿಸುವುದು ಅನೇಕಾಂತದ ಧರ್ಮ. ಆದರೆ ನೋವು ಕಣ್ಣೆದುರಿಗೇ ಇರುವಾಗ ಆ ಕಾಲಾವಕಾಶಕ್ಕೂ ಮಿತಿಯುಂಟು. ಪ್ರತಿಕ್ರಮಣವೆಂದರೆ ದೋಷದಿಂದ ಹಿಂದಿರುಗುವುದು; ದಂಡದ ಹಣ ಬೊಕ್ಕಸದಲ್ಲಿ ಬೆಳೆದ ಮಾತ್ರಕ್ಕೆ ಅದು ಪೂರ್ಣವಾಗದು. ಹಳ್ಳಕ್ಕೆ ನೀರು, ಗುಡ್ಡಕ್ಕೆ ಹಸಿರು ಮರಳಿದಾಗಲೇ ಪ್ರಾಯಶ್ಚಿತ್ತ ಸಾರ್ಥಕ.

ಹೊಣೆ ಸರ್ಕಾರದಲ್ಲಿಯೇ ಮುಗಿಯುವುದಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ವಿಧದಿಂದಲೂ ಕರ್ಮಬಂಧವುಂಟು. ಕಬ್ಬಿಣವನ್ನು ಬಳಸುವ ಗೃಹಸ್ಥನೂ ಗಣಿಯಿಂದ ಬಂದ ದಾನವನ್ನು ಸ್ವೀಕರಿಸುವ ಬಸದಿಯ ಟ್ರಸ್ಟೂ ಇದರಿಂದ ಹೊರತಲ್ಲ. ದ್ರವ್ಯ ನ್ಯಾಯೋಪಾರ್ಜಿತವೇ ಎಂದು ಕೇಳುವುದು ದಾನಿಗೆ ತೋರುವ ಅಗೌರವವಲ್ಲ. ಅದು ಅಪ್ರಮಾದದ ಮೊದಲ ಹೆಜ್ಜೆ.