ಬರೆಯುವ ಕೈ ಯಾರದು?



ಕಥೆ ಹೇಳುವ ಮೊದಲು ಕವಿಗಳು ದೇವರನ್ನು ಕರೆಯುವುದು ಬಹಳ ಹಳೆಯ ಪದ್ಧತಿ. ನಮ್ಮಲ್ಲಿ ಗಣಪತಿಯನ್ನು, ಶಾರದೆಯನ್ನು ನೆನೆಯುತ್ತಾರೆ. ದೂರದ ಗ್ರೀಸ್ ದೇಶದಲ್ಲಿ ಮ್ಯೂಸ್ ಎಂಬ ಒಂಬತ್ತು ಮಂದಿ ಅಕ್ಕತಂಗಿ ದೇವಿಯರನ್ನು ಕರೆಯುತ್ತಿದ್ದರು. ಅವರ ತಾಯಿಯ ಹೆಸರಿಗೆ ಆ ಭಾಷೆಯಲ್ಲಿ 'ನೆನಪು' ಅಂತಲೇ ಅರ್ಥ. ಹೀಗೆ ದೇವರನ್ನು ಕರೆದು ಬರೆದ ಮೇಲೆ ಆ ಬರಹದ ಹೊಣೆ ಯಾರದು? ದೇವರದೋ, ಕವಿಯದೋ?

ಸುಮಾರು 2700 ವರ್ಷಗಳ ಹಿಂದಿನ ಹೋಮರ್ ಕವಿಯ 'ಇಲಿಯಡ್' ಕಾವ್ಯ ಶುರುವಾಗುವುದೇ ದೇವಿಯನ್ನು ಕರೆದು. ಅದರ 24 ಭಾಗಗಳಲ್ಲಿ ಎರಡನೆಯದರಲ್ಲಿ, ಯುದ್ಧಕ್ಕೆ ಬಂದ ಹಡಗುಗಳ ಲೆಕ್ಕ ಹೇಳಬೇಕಾದಾಗ ಕವಿ ಮತ್ತೆ ಕೈಮುಗಿಯುತ್ತಾನೆ. ದೇವಿಯರು ಎಲ್ಲ ಕಂಡವರು, ನಾವು ಬರೀ ಕಿವಿಯಲ್ಲಿ ಕೇಳಿದವರು ಅಂತ ಒಪ್ಪಿಕೊಳ್ಳುತ್ತಾನೆ. ತನಗೆ ಗೊತ್ತಿಲ್ಲ ಅಂತ ಅಷ್ಟು ದೊಡ್ಡ ಕವಿ ಹೇಳುವುದು ಸಣ್ಣ ಮಾತಲ್ಲ.

ಹೆಸಿಯೋಡ್ ಎಂಬ ಇನ್ನೊಬ್ಬ ಕವಿ ಹೆಲಿಕಾನ್ ಬೆಟ್ಟದ ಬುಡದಲ್ಲಿ ಕುರಿ ಮೇಯಿಸುತ್ತಿದ್ದನಂತೆ. ದೇವಿಯರು ಅಲ್ಲೇ ಬಂದು ಕೋಲು ಕೊಟ್ಟು ಹಾಡು ಕಲಿಸಿದರು ಅಂತ ಅವನೇ ಹೇಳಿಕೊಂಡಿದ್ದಾನೆ. ಆದರೆ ಅದೇ ದೇವಿಯರು ಒಂದು ಎಚ್ಚರಿಕೆಯನ್ನೂ ಕೊಟ್ಟರು: ನಿಜದ ಹಾಗೇ ಕಾಣುವ ಸುಳ್ಳನ್ನೂ ನಾವು ಹೇಳಬಲ್ಲೆವು, ಮನಸ್ಸು ಮಾಡಿದರೆ ನಿಜವನ್ನೂ ಹೇಳಬಲ್ಲೆವು ಎಂದು. ಅಂದರೆ ವರ ಸಿಕ್ಕಿದ ಮೇಲೂ ವಿವೇಕದ ಕೆಲಸ ತಪ್ಪಲಿಲ್ಲ.

ನಮ್ಮ ಗದುಗಿನ ಕುಮಾರವ್ಯಾಸ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಭಾರತ ಕಥೆಯ ಕವಿ ವೀರನಾರಾಯಣ, ತಾನು ಬರೀ ಲಿಪಿಕಾರ ಎಂದ. ಲಿಪಿಕಾರ ಅಂದರೆ ಬರೆದುಕೊಳ್ಳುವವನು. ಒಂದು ಲೆಕ್ಕದಲ್ಲಿ ಗುಮಾಸ್ತ! ನಾನೂ ಈ ಬೆಟ್ಟದ ಕಚೇರಿಯಲ್ಲಿ ಗುಮಾಸ್ತನೇ. ಬರೆಯುವುದು ಸೇವಾ ರಸೀದಿ ಅಷ್ಟೆ. ಆದರೂ ಆ ಮಾತು ಓದಿದಾಗಲೆಲ್ಲ ಒಂದು ಘಟನೆ ನೆನಪಾಗುತ್ತದೆ.

ಒಮ್ಮೆ ಒಬ್ಬ ಅಜ್ಜಿ ಕಾಯಿಲೆ ಬಿದ್ದ ಮೊಮ್ಮಗನ ಹೆಸರಲ್ಲಿ ಅರ್ಚನೆ ಬರೆಸಿದರು. ಗಡಿಬಿಡಿಯಲ್ಲಿ ನಾನು ಬೇರೆಯವರ ಹೆಸರು ಬರೆದುಬಿಟ್ಟೆ. ಅರ್ಧ ಮೆಟ್ಟಿಲು ಇಳಿದಿದ್ದವರು ಯಾರ ಕೈಲೋ ರಸೀದಿ ಓದಿಸಿ, ಏದುಸಿರು ಬಿಡುತ್ತಾ ಮತ್ತೆ ಹತ್ತಿ ಬಂದರು. ನಾನು, "ದೇವರಿಗೆ ಎಲ್ಲಾ ಗೊತ್ತು ಬಿಡಿ ಅಜ್ಜಿ" ಎಂದೆ. ಅವರು, "ದೇವರಿಗೆ ಗೊತ್ತಪ್ಪಾ. ಆದ್ರೆ ತಪ್ಪು ಬರೆದದ್ದು ನೀನಲ್ವಾ?" ಅಂದರು. ನಾನು ತಲೆ ತಗ್ಗಿಸಿ ಹೊಸ ರಸೀದಿ ಬರೆದೆ. ಅರ್ಚಕರಿಗೆ ನಾನೇ ಹೋಗಿ ಹೇಳಿ ಮತ್ತೆ ಅರ್ಚನೆ ಮಾಡಿಸಿದೆ.

ನನಗೆ ತಿಳಿದ ಮಟ್ಟಿಗೆ ಉತ್ತರ ಇಷ್ಟೆ. ಕವಿ ದೇವರನ್ನು ಕರೆಯುವುದು ಅಹಂಕಾರ ಇಳಿಸುವುದಕ್ಕೆ, ಹೊಣೆ ಇಳಿಸುವುದಕ್ಕಲ್ಲ. ಚೆನ್ನಾಗಿ ಬಂದರೆ ದೇವರದು, ತಪ್ಪಾದರೆ ನನ್ನದು. ಬರಹಕ್ಕೆ ಮಾತ್ರವಲ್ಲ, ನಾವು ಮಾಡುವ ಯಾವ ಕೆಲಸಕ್ಕೂ ಇದೇ ಲೆಕ್ಕ. "ಎಲ್ಲಾ ಅವನೇ ಮಾಡಿಸೋದು" ಅಂತ ಬಾಯಲ್ಲಿ ಬಂದಾಗ, ಮಾತು ಒಳ್ಳೆಯ ಕೆಲಸದ್ದೋ, ಕೆಟ್ಟ ಕೆಲಸದ್ದೋ ಅಂತ ಒಂದು ಕ್ಷಣ ನೋಡಿಕೊಳ್ಳೋಣ.

ಬೆಟ್ಟ ಇಳಿಯುವಾಗ ನಿಧಾನವಾಗಿ ಇಳಿಯಿರಿ. ರಸೀದಿಯಲ್ಲಿ ಹೆಸರು ಸರಿಯಿದೆಯೇ ನೋಡಿಕೊಳ್ಳಿ. ತಪ್ಪಿದ್ದರೆ ಸಂಕೋಚವಿಲ್ಲದೆ ಬನ್ನಿ, ತಿದ್ದಿ ಕೊಡುತ್ತೇನೆ.