ಎಲ್ಲರ ಹಾಳೆಯೂ ಒಂದೇ

ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ 1948ರಲ್ಲಿ, ಮನೋವಿಜ್ಞಾನವನ್ನು ಆಗಷ್ಟೇ ಓದಲು ಶುರುಮಾಡಿದ್ದ 39 ವಿದ್ಯಾರ್ಥಿಗಳಿಗೆ ಒಂದು ಸ್ವಭಾವ ಪರೀಕ್ಷೆ ಕೊಟ್ಟರು. ವಾರದ ಮೇಲೆ ಅವರವರ ಹೆಸರು ಬರೆದ ಹಾಳೆ ಹಂಚಿ, ನಿಮ್ಮ ಸ್ವಭಾವವನ್ನು ಇದು ಎಷ್ಟು ಸರಿಯಾಗಿ ಹಿಡಿದಿದೆ, ಐದಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಸರಾಸರಿ 4.26 ಬಂತು. ಆಮೇಲೆ ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿ, ಇಂಥದ್ದು ಯಾರ ಹಾಳೆಯಲ್ಲಿದೆಯೋ ಅವರು ಕೈಯೆತ್ತಿ ಎಂದರು. ಎಲ್ಲ ಕೈಗಳೂ ಮೇಲೆ ಹೋದವು. ತರಗತಿ ಗೊಳ್ಳೆಂದು ನಕ್ಕಿತು. ಎಲ್ಲರಿಗೂ ಕೊಟ್ಟದ್ದು ಅದೇ 13 ವಾಕ್ಯ. ಬಹುಪಾಲನ್ನು ಎತ್ತಿಕೊಂಡದ್ದು ಪೇಪರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷದ ಪುಸ್ತಕದಿಂದ.

ಆ ವಾಕ್ಯಗಳ ಕಸುಬುದಾರಿಕೆ ನೋಡಬೇಕು. ಒಮ್ಮೊಮ್ಮೆ ನಾಲ್ಕು ಜನರೊಡನೆ ಬೆರೆಯುವವರು, ಒಮ್ಮೊಮ್ಮೆ ನಿಮ್ಮಷ್ಟಕ್ಕೆ ನೀವಿರುವವರು ಎಂಬ ಧಾಟಿಯದೊಂದಿದೆ. ಅಲ್ಲ ಅನ್ನುವುದಕ್ಕೆ ಎಡೆಯೇ ಇಲ್ಲ. ಹೊರಗೆ ಗಟ್ಟಿಗರು, ಒಳಗೆ ಅಳುಕು ಎಂಬ ಅರ್ಥದ್ದು ಇನ್ನೊಂದು. ನಮ್ಮ ಜಾತ್ರೆಗಳಲ್ಲಿ ಕಣಿ ಹೇಳುವವಳಿಗೆ ಈ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಬೇಕಾಗಿಲ್ಲ. "ಕೈಯಲ್ಲಿ ದುಡ್ಡು ನಿಲ್ಲಾಕಿಲ್ಲ ಕಣವ್ವಾ, ಮಾಡಿದ ಉಪ್ಕಾರಕ್ಕೆ ಹೆಸರಿಲ್ಲ" ಅಂದಳೆಂದರೆ ಎದುರು ಕೂತವರ ಕಣ್ಣು ಒದ್ದೆ. ದುಡ್ಡು ನಿಂತ ಮನೆ ಯಾವುದಿದೆ, ಉಪಕಾರಕ್ಕೆ ತಕ್ಕ ಹೆಸರು ಬಂತೆಂದು ತೃಪ್ತರಾದವರು ಯಾರಿದ್ದಾರೆ!

ಆ 39 ಮಂದಿ ಪೆದ್ದರೇನಲ್ಲ. ಹಾಳೆಯಲ್ಲಿದ್ದದ್ದು ಅವರ ಮಟ್ಟಿಗೆ ನಿಜವೇ ಇದ್ದೀತು. 'ಇದು ನನಗೆ ಹೊಂದುತ್ತದೆಯೇ' ಎಂದಷ್ಟೇ ನೋಡಿದರೆ ಹೊಂದದೆ ಇನ್ನೇನು? 'ಇದು ಯಾರಿಗೆ ಹೊಂದುವುದಿಲ್ಲ' ಎಂದು ಕೇಳಿದಾಗ ಮಾತ್ರ ಮಾತಿನ ಪೊಳ್ಳು ಕಾಣುತ್ತದೆ. ಆದರೆ ಒಪ್ಪುವ ಸಾಕ್ಷಿಯನ್ನು ಹುಡುಕುವುದು ಮನಸ್ಸಿಗೆ ಸಲೀಸು, ನಡುವೆ ಒಂದಿಷ್ಟು ಹೊಗಳಿಕೆ ಬೆರೆತಿದ್ದರೆ ಇನ್ನೂ ಸಲೀಸು. ಮನೋವಿಜ್ಞಾನಿ ಪಾಲ್ ಮೀಲ್ ಅವರ 1956ರ ಲೇಖನದ ಬಳಿಕ ಇದಕ್ಕೆ ಬಾರ್ನಮ್ ಪರಿಣಾಮ ಎಂಬ ಹೆಸರು ಹಬ್ಬಿತು. ಬಾರ್ನಮ್ ಅಮೆರಿಕದ ಹೆಸರಾಂತ ಸರ್ಕಸ್ ಮಾಲೀಕ. ಈಗ ಅದೇ ಸರಕು ಮೊಬೈಲಿನಲ್ಲಿ 'ನಿಮ್ಮ ವ್ಯಕ್ತಿತ್ವ ತಿಳಿಯಿರಿ' ಎಂದು ಬರುತ್ತದೆ, ಪುಕ್ಕಟೆಯಾಗಿ.

ಬೇಕಿದ್ದರೆ ನಿನ್ನೆಯ ಪತ್ರಿಕೆ ತೆಗೆಯಿರಿ. ದಿನಭವಿಷ್ಯದ ಹನ್ನೆರಡೂ ಫಲಗಳನ್ನು ರಾಶಿಯ ಹೆಸರು ಬಿಟ್ಟು ಮನೆಯವರಿಗೆ ಓದಿ ಹೇಳಿ, ನಿನ್ನೆ ನಿಮಗೆ ಆದದ್ದು ಯಾವುದು ಎಂದು ಕೇಳಿ. ಕನ್ಯಾ ರಾಶಿಯ ಅತ್ತೆಯವರು ವೃಷಭ, ಮಕರ ಎರಡನ್ನೂ ತಮ್ಮದೇ ಅಂದರೆ ಅಚ್ಚರಿಪಡಬೇಡಿ.